ಟವೆಲ್ ಸುತ್ತಿದರೆ ಇಳಿಸು

ತರೀಕೆರೆ
4 ಜೂನ್ 2025

ಬಸವೇಶ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಎತ್ತಿಟ್ಟರೂ ನಾನು ಏನೂ ಅನ್ನುವ ಹಾಗಿಲ್ಲ. ಓದುತ್ತಿದ್ದೀಯ ಎಂದುಕೊಂಡು ಬರೆಯುತ್ತೇನೆ.

ನಮ್ಮ ಮೈಕ್‌ಸೆಟ್ಟಿನ ಅಂಗಡಿ ಮುಚ್ಚಿ ಹನ್ನೊಂದು ವರ್ಷವಾಯಿತು. ನಾನೀಗ ಮನೆಗಳಿಗೆ ಸ್ಪೀಕರ್ ಕೂರಿಸುತ್ತೇನೆ. ವೈರ್ ಇಲ್ಲದವು. ಕಂಬ ಹತ್ತುವುದಿಲ್ಲ, ಹಾರ್ನ್ ಕಟ್ಟುವುದಿಲ್ಲ. ಹಾಲಿನಲ್ಲಿ ಎರಡು, ದೇವರ ಮನೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು. ಮನೆಯ ವೈಫೈಗೆ ಸೇರಿಸಿದರೆ ಹಾಡು ಇಂಟರ್ನೆಟ್ಟಿನಿಂದ ನೇರವಾಗಿ ಬಂದು ಎಲ್ಲ ಕೋಣೆಗಳಲ್ಲೂ ಒಟ್ಟಿಗೆ ನುಡಿಯುತ್ತದೆ. ಲಾಸ್‌ಲೆಸ್ ಎನ್ನುತ್ತಾರೆ. ಸಾಮಾನ್ಯವಾಗಿ ಹಾಡನ್ನು ಕಳಿಸುವಾಗ, ಕಿವಿಗೆ ಗೊತ್ತಾಗಲಿಕ್ಕಿಲ್ಲ ಎಂದು ಅಂದಾಜು ಮಾಡಿ ಒಂದಷ್ಟನ್ನು ತೆಗೆದುಹಾಕಿರುತ್ತಾರೆ. ಇದರಲ್ಲಿ ಏನನ್ನೂ ತೆಗೆಯುವುದಿಲ್ಲ. ಹಾಡುವವಳು ಬಾಯಿ ತೆರೆಯುವ ಮುಂಚೆ ಎಳೆದುಕೊಂಡ ಉಸಿರೂ ಇರುತ್ತದೆ. ಗಿರಾಕಿಗಳಿಗೆ ಹೀಗೆಂದು ಹೇಳುತ್ತೇನೆ. ಕಡೂರಿನ ಸಿದ್ದಪ್ಪನವರು, ತೆಂಗಿನ ತೋಟದವರು, "ಲಾಸೇ ಇಲ್ದಿರೋ ವ್ಯಾಪಾರ ಇದೊಂದೇ ಇರ್ಬೇಕು ಕಣಪ್ಪ, ಕೊಬ್ಬರೀಲಿ ನಾ ಕಂಡಿಲ್ಲ" ಎಂದರು.

ನನಗೆ ಆ ಉಸಿರು ಕೇಳಿಸುವುದಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ಮೂರು ವರ್ಷದಿಂದ ಹೀಗಿದೆ. ಸಣ್ಣ ಸದ್ದುಗಳು ಮೊದಲು ಹೋದವು. ಮೊಬೈಲಿನ ಕಿಣಿಕಿಣಿ, ಗೆಜ್ಜೆ, ಹಕ್ಕಿಗಳು. ಆಮೇಲೆ ಅಕ್ಷರಗಳು ಹೊರಟವು. ಸ ಹೋಯಿತು, ಶ ಹೋಯಿತು, ಚ ಅರ್ಧ ಹೋಗಿದೆ. ಮಗಳು ಸ್ಫೂರ್ತಿ ನನಗೆ ಊರ್ತಿ. ನಿನ್ನ ಹೆಸರನ್ನು ಯಾರಾದರೂ ಹೇಳಿದರೆ ಬ ಬರುತ್ತದೆ, ವೇ ಬರುತ್ತದೆ, ಉಳಿದದ್ದನ್ನು ನಾನೇ ತುಂಬಿಕೊಳ್ಳುತ್ತೇನೆ. ಡಾಕ್ಟರು ಇಷ್ಟು ವರ್ಷ ಹಾರ್ನ್ ಪಕ್ಕ ಕೂತಿದ್ದಕ್ಕೆ ಎಂದರು. ನೆನಪಿದೆಯಲ್ಲ, ಯಾವಾಗಲೂ ನಾನು ಆಂಪ್ಲಿಫೈಯರ್ ಹತ್ತಿರ, ಮೊದಲ ಹಾರ್ನಿನ ಪಕ್ಕವೇ, ನೀನು ಕೊನೆಯ ಹಾರ್ನಿನಿಂದಲೂ ಆಚೆ. ಅಷ್ಟು ದೂರದಿಂದ ಕೂಗಿದರೆ ಕೇಳುವುದಿಲ್ಲವೆಂದು ಟವೆಲ್. ಮೇಲೆ ಕೆಳಗೆ ಆಡಿಸಿದರೆ ಸದ್ದು ಚೆನ್ನಾಗಿದೆ, ತಲೆಯ ಮೇಲೆ ಸುತ್ತಿದರೆ ಇಳಿಸು.

ಫೋನಿನಲ್ಲಿ ನನಗೆ ಮಾತು ಬಿಡಿಸಿಕೊಳ್ಳಲಾಗುವುದಿಲ್ಲ, ಅದಕ್ಕೇ ಕಾಗದ. ಮೆಸೇಜ್ ಮಾಡಬಹುದಿತ್ತು. ಆದರೆ ನನ್ನ ಫೋನು ಗಿರಾಕಿಗಳ ಸ್ಪೀಕರುಗಳಿಗೆ ಅಂಟಿಕೊಂಡಿರುತ್ತದೆ. ಹೋದ ವರ್ಷ ಬೀರೂರಿನ ಒಂದು ಮನೆಯಲ್ಲಿ, "ಅಪ್ಪಾ, ಗ್ಯಾಸಿನ ಮಾತ್ರೆ ತಗೊಂಡ್ಯಾ" ಎಂದು ಸ್ಫೂರ್ತಿ ಕಳಿಸಿದ್ದನ್ನು ಐದು ಕೋಣೆಗಳ ಸ್ಪೀಕರುಗಳೂ ಓದಿ ಹೇಳಿದವು. ಮನೆಯವರು ಯಾಕೆ ನಗುತ್ತಿದ್ದಾರೆಂದು ನನಗೆ ತಿಳಿದದ್ದು ಕಡೆಗೆ.

ವಿಷಯ ಇದು. ಸಿದ್ದಪ್ಪನವರ ಮನೆಯಲ್ಲಿ ಅವರ ಅಕ್ಕ ಇದ್ದಾರೆ, ಸುಲೋಚನಮ್ಮ. ಹಿಂದೆ ಆಕಾಶವಾಣಿಯಲ್ಲಿ ಹಾಡಿದವರು. ಮಂಡಿ ಹೋಗಿದೆ, ದಿನವೆಲ್ಲ ಹಾಲಿನ ಕುರ್ಚಿಯಲ್ಲೇ. ಸ್ಪೀಕರ್ ತಂದದ್ದೇ ಅವರಿಗಾಗಿ. "ಎಡಗಡೆದು ಸಣ್ಣಗೆ ಕುಯ್ ಅಂತದೆ ಕಣಪ್ಪ, ಹಾಡು ಸಣ್ಣಗಾದಾಗ ಕೇಳ್ತದೆ" ಎನ್ನುತ್ತಾರೆ. ನಾನು ಮೂರು ಸಲ ಹೋಗಿ ಬಂದೆ. ಮೂರು ಸಲವೂ ಕಿವಿಯನ್ನು ಅದಕ್ಕೆ ಹತ್ತಿರ ಹಿಡಿದು, ಹೌದಮ್ಮ ಇದೆ, ಎಂದೆ. ಇಲ್ಲ ಅಂದರೆ ಕೆಪ್ಪನೆಂದು ತಿಳಿಯುತ್ತದೆ. ಇದೆ ಅಂದದ್ದಕ್ಕೆ ಸರಿಮಾಡಬೇಕು. ಕಡೂರು ಸಣ್ಣ ಊರು. ಸ್ಪೀಕರ್ ಕೂರಿಸುವವನಿಗೆ ಕಿವಿಯಿಲ್ಲ ಎಂಬ ಮಾತು ಹುಟ್ಟಿದರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಬೇರೆ ಕೆಲಸ ನನಗೆ ಬಾರದು. ಸ್ಫೂರ್ತಿಯನ್ನು ಕರೆದುಕೊಂಡು ಹೋಗೋಣವೆಂದರೆ ಅವಳಿಗೂ ತಿಳಿದುಹೋಗುತ್ತದೆ.

ನಿನ್ನ ಕಿವಿ ನನಗೆ ಗೊತ್ತು. ಆ ಎಡಗಡೆಯದನ್ನು ಕಳಿಸಿದರೆ ಒಂದು ಸಲ ಕೇಳಿ ಹೇಳುತ್ತೀಯಾ? ಬುಕ್ಕಾಂಬುಧಿಯ ವಿಷಯ ನಾನು ಎತ್ತುವುದಿಲ್ಲ. ಉತ್ತರವನ್ನು ಪೋಸ್ಟಾಫೀಸಿನಲ್ಲೇ ಇಟ್ಟಿರಲು ಹೇಳಿದ್ದೇನೆ, ಮನೆಗೆ ಬರುವುದಿಲ್ಲ.

ಕಾಂತರಾಜ

*

ಅಜ್ಜಂಪುರ
19 ಜೂನ್ 2025

ಕಾಂತರಾಜ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಇಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಲಿಗೆ ಯಂತ್ರವಿದ್ದರೆ ಕಳಿಸಬಹುದು. ಬೇರೆ ಯಾವ ಯಂತ್ರವನ್ನೂ ನೋಡುವುದಿಲ್ಲ.

ಇಂತಿ,
ಬಸವೇಶ್

*

ತರೀಕೆರೆ
2 ಜುಲೈ 2025

ಬಸವೇಶ,

ಹೊಲಿಗೆ ಯಂತ್ರದ ಮರದ ಪೆಟ್ಟಿಗೆಯೊಂದನ್ನು ಅಜ್ಜಂಪುರದ ಬಸ್ಸಿನಲ್ಲಿ ಕಳಿಸಿದ್ದೇನೆ. ಕಂಡಕ್ಟರ್ ನಿನ್ನ ಅಂಗಡಿ ಬಲ್ಲವನು. ಪೆಟ್ಟಿಗೆಯೊಳಗೆ ಹೊಲಿಗೆ ಯಂತ್ರ ಇಲ್ಲ.

ಸ್ಪೀಕರಿನ ಜೊತೆ ಒಂದು ಹಳೆಯ ಫೋನಿದೆ, ಇಂಟರ್ನೆಟ್ ಅದರಿಂದಲೇ ಬರುತ್ತದೆ. ಏನೇನು ಒತ್ತಬೇಕೆಂದು ಸ್ಫೂರ್ತಿಯ ಕೈಲಿ ಚೀಟಿ ಬರೆಸಿದ್ದೇನೆ. ಗಿರಾಕಿಯೊಬ್ಬರಿಗೆ ಎಂದು ಹೇಳಿದೆ. ಕಡೂರಿನಲ್ಲಿ ಇದರ ಜಾಗದಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿರುವ ಪೀಸನ್ನು ಇಟ್ಟು ಬಂದೆ, ಅದೇ ಮಾದರಿಯದು. ಎರಡು ದಿನ ಬಿಟ್ಟು ಹೋಗಿ ಕೇಳಿದರೆ ಸುಲೋಚನಮ್ಮ, "ಇದೂ ಹಂಗೇ ಅಂತದಲ್ಲಪ್ಪ" ಎಂದರು.

ಅಂದು ಇನ್ನೊಂದು ಆಯಿತು. ಅವರು ಒಂದು ಹಾಡು ಹಾಕಿಸಿದರು, ಹೆಂಗಸೊಬ್ಬಳು ಹಾಡಿದ್ದು, ಹಳೆಯದು. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ನನ್ನ ಕಡೆ ತಿರುಗಿ, "ಇದ್ರಲ್ಲಿ ತಾಳ ಎಷ್ಟು ಚೆನ್ನಾಗಿ ಕೇಳ್ತದೆ ಅಲ್ವೇನಪ್ಪಾ?" ಎಂದರು. ತಾಳದ ಸದ್ದು ನನ್ನನ್ನು ಬಿಟ್ಟು ಹೋಗಿ ಎರಡು ವರ್ಷವಾಗಿದೆ. ಬಹಳ ಚೆನ್ನಾಗಿದೆ ಅಮ್ಮ, ಎಂದೆ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬರುತ್ತಿದೆ ಎಂದೂ ಸೇರಿಸಿದೆ. ಅವರು ಮತ್ತೆ ಕಣ್ಣು ಮುಚ್ಚಿಕೊಂಡರು.

ಆ ಹಾಡನ್ನು ಫೋನಿನಲ್ಲಿ ಮೊದಲನೆಯದಾಗಿ ಇಟ್ಟಿದ್ದೇನೆ. ಅದನ್ನೇ ಹಾಕಿ ನೋಡು.

ಈ ಕೆಲಸದಲ್ಲಿ ನಾನು ಮಾತಾಡುವುದು ಹೆಚ್ಚಾಗಿದೆ. ಮಾತಾಡುತ್ತಿರುವಷ್ಟು ಹೊತ್ತು ಯಾರೂ ಏನನ್ನೂ ಕೇಳುವುದಿಲ್ಲ. ಮನೆಯಲ್ಲಿಯೂ ಹಾಗೆ. ಊಟಕ್ಕೆ ಕೂತರೆ ನಾನೇ ಶುರುಮಾಡುತ್ತೇನೆ, ನಾನೇ ಮುಗಿಸಿ ಏಳುತ್ತೇನೆ. ಮೊನ್ನೆ ಸ್ಫೂರ್ತಿ ನಡುವೆ ಏನೋ ಅಂದಳು, ನಾನು ಹೂಂ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಹೂಂ ಅನ್ನುವಂಥದ್ದಾಗಿರಲಿಲ್ಲ ಅಂತ ಕಾಣುತ್ತದೆ.

ಕಾಂತರಾಜ

*

ಅಜ್ಜಂಪುರ
20 ಜುಲೈ 2025

ಕಾಂತರಾಜ್ ಅವರಿಗೆ,

ಪೆಟ್ಟಿಗೆ ತೆರೆದೆ. ನಿಮ್ಮ ಬುದ್ಧಿ ಬದಲಾಗಿಲ್ಲ.

ವಾಪಸು ಕಳಿಸುವುದೆಂದು ಬೆಂಚಿನ ಕೆಳಗೆ ಇಟ್ಟಿದ್ದೆ. ಹತ್ತು ದಿನ ಕಾಲಿಗೆ ತಗಲುತ್ತಿತ್ತು. ಕಡೆಗೆ ಒಂದು ಬೆಳಿಗ್ಗೆ ಪೇಟೆ ಏಳುವ ಮುಂಚೆ ಬಂದು ಚೀಟಿಯಲ್ಲಿದ್ದ ಹಾಗೆ ಒತ್ತಿದೆ. ಚೀಟಿ ಬರೆದವರು ಅಚ್ಚುಕಟ್ಟಾಗಿ ಬರೆದಿದ್ದಾರೆ.

ಸ್ಪೀಕರಿನಲ್ಲಿ ಏನೂ ತೊಂದರೆಯಿಲ್ಲ. ಮೂರು ಬೆಳಿಗ್ಗೆ ಕೇಳಿದೆ. ಹಾಡು ನಿಂತ ಮೇಲೂ ಕಿವಿಯಿಟ್ಟು ಕೇಳಿದೆ. ಕುಯ್ ಎನ್ನುವುದಿಲ್ಲ, ಉಸ್ ಎನ್ನುವುದಿಲ್ಲ.

ಉಸಿರಿನ ವಿಷಯ ನಿಜ. ಹಾಡುವವಳು ಎಳೆದುಕೊಳ್ಳುವ ಉಸಿರು ಕೇಳುತ್ತದೆ, ನಾಲ್ಕು ಕಡೆ ಸ್ಪಷ್ಟವಾಗಿ. ಮೂರನೆಯ ಚರಣಕ್ಕೆ ಮುಂಚೆ ಅವಳು ಎಂಜಲು ನುಂಗುತ್ತಾಳೆ. ದೂರದಲ್ಲಿ ಯಾರೋ ಒಮ್ಮೆ ಬಾಗಿಲು ಸರಿಸುತ್ತಾರೆ. ನಮ್ಮ ಹಾರ್ನುಗಳಲ್ಲಿ ಇಪ್ಪತ್ತು ವರ್ಷ ಹಾಡು ಕೇಳಿಸಿದ್ದೇವೆ, ಹಾಡುವವರು ಉಸಿರಾಡುತ್ತಾರೆಂದು ನನಗೆ ಹೊಳೆದಿರಲಿಲ್ಲ.

ಆದರೆ ಆ ಹಾಡಿನಲ್ಲಿ ತಾಳ ಇಲ್ಲ ಕಣೋ. ಮೃದಂಗವೂ ಇಲ್ಲ. ಬರೀ ತಂಬೂರಿ, ಒಂದು ದನಿ, ಅಷ್ಟೇ. ನೀನು ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬರುತ್ತಿದೆ ಎಂದಿದ್ದೀಯ. ಆ ಹೆಂಗಸಿಗೆ ಗೊತ್ತಾಗಿದೆ.

ಬಸವೇಶ

*

ತರೀಕೆರೆ
29 ಜುಲೈ 2025

ಬಸವೇಶ,

ನಿನ್ನ ಕಾಗದವನ್ನು ಪೋಸ್ಟಾಫೀಸಿನ ಮೆಟ್ಟಿಲ ಮೇಲೆಯೇ ಓದಿದೆ. ನಡುವಿನಲ್ಲಿ 'ನೀವು' ಹೋಗಿ 'ನೀನು' ಬಂದದ್ದನ್ನು ನೋಡಿದೆ. ನೀನಾಗಿ ಬದಲಾಯಿಸಿದ್ದಲ್ಲ, ಕೈತಪ್ಪಿ ಬಂದದ್ದು. ತಿದ್ದದೆ ಕಳಿಸಿದ್ದೀಯ.

ಸುಲೋಚನಮ್ಮನವರಿಗೆ ಗೊತ್ತಿದ್ದರೆ ಸಿದ್ದಪ್ಪನವರಿಗೆ ಯಾಕೆ ಹೇಳಿಲ್ಲವೋ ತಿಳಿಯದು. ಸಿದ್ದಪ್ಪನವರು ಎಂದಿನಂತೆಯೇ ಇದ್ದಾರೆ. ಹಿರೇನಲ್ಲೂರಿನಲ್ಲಿ ಅವರ ಭಾವನ ಮನೆ ಎದ್ದು ನಿಂತಿದೆ, ಅಲ್ಲಿಗೂ ನೀನೇ ಹಾಕಿಕೊಡು ಎಂದಿದ್ದಾರೆ. ಗೌರಿ ಹಬ್ಬ ಕಳೆದ ಮೇಲಿನ ಭಾನುವಾರ ಆ ಭಾವ ಕಡೂರಿಗೆ ಬರುತ್ತಾರಂತೆ. ಅವರ ಎದುರು ಎಲ್ಲವನ್ನೂ ನುಡಿಸಿ ತೋರಿಸಬೇಕು, ಅಷ್ಟರೊಳಗೆ ಅಕ್ಕನ ತಕರಾರು ಮುಗಿದಿರಬೇಕು. ಮೂವತ್ತೊಂದನೇ ತಾರೀಖು. ನಾನು ಆ ಹಾಲಿನಲ್ಲಿ ನಡುವೆ ನಿಂತು, ಕೇಳಿಸದ ಒಂದು ಸದ್ದು ಈಗ ಹೋಯಿತು ಎಂದು ಹೇಳಬೇಕು.

ನಿನಗೆ ಗೊತ್ತಿರದ ಒಂದು ವಿಷಯ ಹೇಳುತ್ತೇನೆ, ಮುಚ್ಚಿಡುವುದು ಸರಿಯಲ್ಲ. ಆ ಫೋನೂ ನನ್ನ ಫೋನೂ ಒಂದೇ ಖಾತೆಯಲ್ಲಿವೆ. ಏಕಕಾಲಕ್ಕೆ ಒಂದು ಕಡೆ ಮಾತ್ರ ಹಾಡು ನಡೆಯುತ್ತದೆ. ನೀನು ಅಲ್ಲಿ ಹಾಕಿದರೆ ಇಲ್ಲಿ ನಿಲ್ಲುತ್ತದೆ, ಪರದೆಯ ಮೇಲೆ 'ಅಜ್ಜಂಪುರ' ಎಂದು ಬರುತ್ತದೆ. ಆ ಹೆಸರು ಸ್ಫೂರ್ತಿ ಇಟ್ಟದ್ದು. ಯಾವ ಹಾಡು, ಎಲ್ಲಿಯವರೆಗೆ ಬಂತು ಎಂಬುದು ಗೆರೆಯಾಗಿ ಕಾಣುತ್ತದೆ. ನೀನು ಆ ಹಾಡನ್ನು ಮೂರು ಬೆಳಿಗ್ಗೆ ಕೇಳಿದೆನೆಂದು ಬರೆದಿದ್ದೀಯ. ಇವತ್ತಿಗೆ ಹನ್ನೊಂದು ಬೆಳಿಗ್ಗೆ ಕೇಳಿದ್ದೀಯ.

ನಾನು ಐದೂವರೆಗೆ ಎದ್ದು ಆ ಗೆರೆಯನ್ನು ನೋಡುತ್ತೇನೆ. ಎಡದಿಂದ ಬಲಕ್ಕೆ ಹೋಗುತ್ತದೆ. ನನಗೆ ಏನೂ ಕೇಳಿಸುವುದಿಲ್ಲ, ಕೇಳಿಸಬೇಕಾಗಿಯೂ ಇಲ್ಲ, ಹಾಡು ನಿನ್ನಲ್ಲಿದೆ. ಈಗ ಮೂರನೆಯ ಚರಣ ಬಂದಿರಬೇಕು, ಈಗ ನುಂಗಿದಳು, ಎಂದುಕೊಳ್ಳುತ್ತೇನೆ.

ಇಲ್ಲಿಂದಲೇ ನಿನ್ನ ಸ್ಪೀಕರನ್ನು ಏರಿಸಬಹುದು, ಇಳಿಸಬಹುದು. ಅದಕ್ಕೂ ಒಂದು ಗೆರೆ ಇದೆ. ನಾನು ಮುಟ್ಟುವುದಿಲ್ಲ.

ಕಾಂತರಾಜ

*

ಅಜ್ಜಂಪುರ
17 ಆಗಸ್ಟ್ 2025

ಕಾಂತರಾಜ,

ನಾನು ಎಷ್ಟು ಸಲ ಹಾಡು ಕೇಳಿದೆ ಎಂದು ಎಣಿಸುವವನಿಗೆ ಕೆಲಸವಿಲ್ಲ ಎಂದಾಯಿತು.

ಸ್ಪೀಕರ್ ಬದಲಾಯಿಸಿದರೂ ಸದ್ದು ಬದಲಾಗಲಿಲ್ಲ ಅಂದರೆ ಅದು ಸ್ಪೀಕರಿನದಲ್ಲ. ಆ ಎಡಗಡೆಯ ಗೋಡೆಯಾಚೆ ಏನಿದೆ ನೋಡಿದ್ದೀಯಾ? ನನ್ನಲ್ಲಿಗೂ ಯಂತ್ರ ಕಿರುಗುಟ್ಟುತ್ತದೆ ಎಂದು ಹೊತ್ತುಕೊಂಡು ಬರುತ್ತಾರೆ, ನೋಡಿದರೆ ಅವರು ಕೂರುವ ಕುರ್ಚಿ.

ಮೂವತ್ತೊಂದಕ್ಕೆ ನಾನೇ ಬರುತ್ತೇನೆ. ನೀನು ಶಿವಮೊಗ್ಗದ ಕಡೆಯ ಗಾಡಿಯಲ್ಲಿ ಬಂದು ಬೀರೂರಿನಲ್ಲಿ ಇಳಿ, ನಾನು ಈ ಕಡೆಯ ಗಾಡಿಯಲ್ಲಿ ಬರುತ್ತೇನೆ. ಹತ್ತು ಗಂಟೆಗೆ ಸ್ಟೇಷನ್ನಿನಲ್ಲಿ. ಅಲ್ಲಿಂದ ಕಡೂರಿಗೆ ಬಸ್ಸು. ನಾನು ನಿನ್ನ ಕಡೆಯವನು, ಜೊತೆಗೆ ಬಂದೆ ಎಂದರೆ ಸಾಕು. ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಹೆಗಲ ಮೇಲೆ ಟವೆಲ್ ಇರುತ್ತದೆ. ಸದ್ದಿದ್ದರೆ ಎಡಹೆಗಲು, ಹೋದರೆ ಬಲಹೆಗಲು. ನೀನು ನನ್ನನ್ನು ನೋಡಿಕೊಂಡು ಮಾತಾಡು. ಯಾರಿಗೂ ತಿಳಿಯುವುದಿಲ್ಲ. ಹಿರೇನಲ್ಲೂರಿಗೂ ಹೀಗೇ ಬರುತ್ತೇನೆ. ಬೇಕಾದಾಗೆಲ್ಲ ಬರುತ್ತೇನೆ.

ಬುಕ್ಕಾಂಬುಧಿಯ ವಿಷಯ ಎತ್ತುವುದಿಲ್ಲ ಎಂದು ನೀನು ಬರೆದಿದ್ದೆ. ನಾನು ಎತ್ತುತ್ತೇನೆ.

ಅಲ್ಲಿ ನಮ್ಮ ಎದುರುಮನೆಯ ಮದುವೆಯ ಚಪ್ಪರದ ದಿನ, ಕಂಬಕ್ಕೆ ಕಟ್ಟಿದ ಹಾರ್ನು ನಮ್ಮ ನಡುಮನೆಯ ಕಿಟಕಿಗೆ ಮುಖ ಮಾಡಿತ್ತು. ಕಟ್ಟಿದವನು ನಾನೇ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹಾಸಿಗೆ ಹಿಡಿದಿದ್ದ ಅವ್ವ ಏನೋ ಹೇಳಲು ಶುರುಮಾಡಿದಳು. ನಾಲ್ಕು ದಿನದಿಂದ ಮಾತಿರಲಿಲ್ಲ. ತುಟಿ ಆಡುತ್ತಿತ್ತು, ಕೇಳಿಸಲಿಲ್ಲ. ನಾನು ಹೊರಗೆ ಓಡಿ ಬಂದು ಟವೆಲ್ ಬೀಸಿದೆ. ನೀನು ಚಪ್ಪರದ ಕೆಳಗಿದ್ದೆ. ಸದ್ದು ಇಳಿಯಲಿಲ್ಲ. ಒಳಗೆ ಹೋಗಿ ಅವಳ ಬಾಯಿಗೆ ಕಿವಿಯಿಟ್ಟೆ. ಬಿಸಿಗಾಳಿ ಮಾತ್ರ ತಗಲಿತು. ಮಧ್ಯಾಹ್ನಕ್ಕೆ ಹೋದಳು.

ಟವೆಲ್ ಮೇಲೆ ಕೆಳಗೆ ಆಡಿದ ಹಾಗೆ ಕಂಡಿತು, ಅದಕ್ಕೇ ಇಳಿಸಲಿಲ್ಲ ಎಂದು ನೀನು ಆಮೇಲೆ ಹೇಳಿದೆ. ನಾನು ನಿನ್ನ ಜೊತೆ ಮಾತು ಬಿಟ್ಟೆ. ಆದರೆ ದೂರಿದ್ದು ನಿನ್ನೊಬ್ಬನನ್ನೇ ಅಲ್ಲ. ಗಾಬರಿಯಲ್ಲಿ ಕೈ ತಪ್ಪಾಗಿ ಆಡಿತೇ, ಸುತ್ತುವ ಬದಲು ಎತ್ತಿ ಇಳಿಸಿದೆನೇ ಎಂದು ಹನ್ನೊಂದು ವರ್ಷ ಅದೇ ಕೈಯನ್ನು ನೋಡಿಕೊಂಡು ಕೂತಿದ್ದೇನೆ.

ಈಗ ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು. ಕಿವಿ ಮೂರು ವರ್ಷದಿಂದ ಹೋಗಿದೆ ಎಂದಿದ್ದೀಯ. ಮೂರು ವರ್ಷದಿಂದ ನಿನಗೆ ಗೊತ್ತಾಗಿದೆ, ಅಷ್ಟೇ. ಅಂದೇ ಹೋಗಿತ್ತು. ನಿನಗೆ ಆ ಸದ್ದು ದೊಡ್ಡದೆಂದು ಅನ್ನಿಸಿಯೇ ಇರಲಿಲ್ಲ, ಅದಕ್ಕೆ ಟವೆಲ್ ನಿನಗೆ ಹಾಗೆ ಕಂಡಿದೆ. ಹಾಗಾದರೆ ತಪ್ಪು ಯಾರದೂ ಅಲ್ಲ. ಅಲ್ಲವೇ?

ಹೌದು ಎಂದು ಒಂದು ಸಾಲು ಬರೆ. ಭಾನುವಾರ ಸಿಗೋಣ.

ಬಸವೇಶ

*

ತರೀಕೆರೆ
23 ಆಗಸ್ಟ್ 2025

ಬಸವೇಶ,

'ಹೌದು' ಎಂದು ಬರೆದ ಕಾಗದ ಒಂದು ಇಲ್ಲೇ ಇದೆ. ಎರಡು ದಿನ ಜೇಬಿನಲ್ಲಿತ್ತು. ಇದು ಬೇರೆ ಕಾಗದ.

2014ರಲ್ಲಿ ನನ್ನ ಕಿವಿ ಸರಿಯಾಗಿತ್ತು. ಆಮೇಲೆ ಎರಡು ವರ್ಷಕ್ಕೂ ಸರಿಯಾಗಿತ್ತು. ಸ್ಫೂರ್ತಿ ಆಚೆ ಕೋಣೆಯಲ್ಲಿ ಪೆನ್ಸಿಲ್ ಕೆತ್ತುವುದು ಕೇಳಿಸುತ್ತಿತ್ತು. ಹೋದದ್ದು ಈಚೆಗೆ.

ನೀನು ಸರಿಯಾಗಿಯೇ ಬೀಸಿದೆ. ತಲೆಯ ಮೇಲೆ ಸುತ್ತಿದೆ, ಮೂರು ಸಲ. ನಾನು ನೋಡಿದೆ.

ಆ ಆಂಪ್ಲಿಫೈಯರ್ ತಂದು ಎರಡೇ ದಿನವಾಗಿತ್ತು. ಅದರ ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿ ನೋಡಿರಲಿಲ್ಲ. ಅಂದು ತಿರುಗಿಸಿದೆ. ಕೆರೆಯ ಆಚೆ ದಡದಲ್ಲಿ ಎತ್ತು ತೊಳೆಯುತ್ತಿದ್ದವನು ತಲೆಯೆತ್ತಿ ಈ ಕಡೆ ನೋಡಿದ. ಸದ್ದು ಅಷ್ಟು ದೊಡ್ಡ ಕೆರೆ ದಾಟಿ ಹೋಗಿತ್ತು. ಆಗಲೇ ನಿನ್ನ ಟವೆಲ್ ಕಂಡದ್ದು. ಈ ಹಾಡೊಂದು ಮುಗಿಯಲಿ, ಇಳಿಸುತ್ತೇನೆ, ಎಂದುಕೊಂಡೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಇದ್ದೀತೆಂದು ನಾನೂ ಹುಡುಕಿದ್ದೇನೆ, ಇಲ್ಲ. ಹಾಡು ಮುಗಿದ ಮೇಲೆ ಇಳಿಸಿದೆ. ಅಷ್ಟರಲ್ಲಿ ನೀನು ಒಳಗೆ ಹೋಗಿದ್ದೆ.

ನಿನ್ನ ಅವ್ವ ತೀರ್ಥಮ್ಮನವರು ಮಲಗಿದ್ದಾರೆಂದು ಗೊತ್ತಿತ್ತು. ಅಂದೇ ಎಂದು ಗೊತ್ತಿರಲಿಲ್ಲ. ಈ ಸಾಲನ್ನು ಹೊಡೆದುಹಾಕಬೇಕು ಎನ್ನಿಸುತ್ತಿದೆ, ಇರಲಿ.

ಟವೆಲ್ ಮೇಲೆ ಕೆಳಗೆ ಕಂಡಿತು ಎಂದದ್ದು ಸುಳ್ಳು. ನೀನು ಬಂದು ಎದುರು ನಿಂತಾಗ ಬಾಯಿಗೆ ಅದೇ ಬಂತು. ನೀನು ಜಗಳವಾಡುತ್ತೀಯ ಎಂದುಕೊಂಡೆ. ನೀನು ನಿನ್ನ ಕೈ ನೋಡಿಕೊಂಡೆ. ಆಗಲೇ ಹೇಳಬಹುದಿತ್ತು.

ಕಿವಿ ಹೋಗಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಅಂಥದ್ದನ್ನು ನಂಬುವವನಲ್ಲ. ಆದರೆ ನನಗೆ ಇನ್ನೂ ಕೇಳಿಸುವುದು ಏನೆಂದರೆ ದಪ್ಪ ಸದ್ದುಗಳು, ಅವೇ ಉಳಿದಿವೆ.

ಭಾನುವಾರ ಬೀರೂರಿನಲ್ಲಿ ಇಳಿಯುತ್ತೇನೆ. ಹತ್ತಕ್ಕೆ. ಹತ್ತೂವರೆಯವರೆಗೆ ಕಾದು ಬಸ್ಸಿಗೆ ಹೋಗುತ್ತೇನೆ.

ಕಾಂತರಾಜ

*

ಅಜ್ಜಂಪುರ
28 ಆಗಸ್ಟ್ 2025

ಕಾಗದ ತಲುಪಿತು. ಭಾನುವಾರ ಬರಲಾಗುವುದಿಲ್ಲ. ಪೆಟ್ಟಿಗೆ ಸದ್ಯಕ್ಕೆ ಇಲ್ಲಿರಲಿ.

ಬ.

*

ತರೀಕೆರೆ
14 ಸೆಪ್ಟೆಂಬರ್ 2025

ಬಸವೇಶ,

ನಿನ್ನ ಮೂರು ಸಾಲು ನನ್ನ ಕೈಗೆ ಬಂದದ್ದು ಸೋಮವಾರ. ಭಾನುವಾರ ನಾನು ಹತ್ತೂವರೆಯವರೆಗೆ ಸ್ಟೇಷನ್ನಿನಲ್ಲಿ ಕಾದೆ. ನಿನ್ನ ಕಡೆಯ ಗಾಡಿ ಬಂತು, ಹೋಯಿತು. ಮಾರನೆಯ ದಿನ ಆ ಸಾಲುಗಳನ್ನು ನಾಲ್ಕು ಸಲ ಓದಿದೆ. ಅದರಲ್ಲಿ 'ನೀನು' ಇಲ್ಲ, 'ನೀವು' ಕೂಡ ಇಲ್ಲ. ಎರಡೂ ಬಾರದ ಹಾಗೆ ಬರೆಯಲು ಎಷ್ಟು ಹೊತ್ತು ಹಿಡಿಯಿತೋ.

ಕಡೂರಿನದನ್ನು ಹೇಳಿಬಿಡುತ್ತೇನೆ, ಅರ್ಧ ಕೆಲಸ ನಿನ್ನದು.

ಸಿದ್ದಪ್ಪನವರು, ಹಿರೇನಲ್ಲೂರಿನ ಭಾವ, ಸುಲೋಚನಮ್ಮ, ಮೂವರೂ ಹಾಲಿನಲ್ಲಿದ್ದರು. ಹಾಡು ಹಾಕಿದೆ. ಸುಲೋಚನಮ್ಮ ಸ್ವಲ್ಪ ಹೊತ್ತು ಕೇಳಿ, "ಎಡಗಡೆ ಇನ್ನೂ ಐತಲ್ಲಪ್ಪ, ನಿಂಗೆ ಕೇಳ್ತಿಲ್ವಾ?" ಎಂದರು. ಇದೆ ಎನ್ನಲು ಬಾಯಿ ತೆರೆದೆ. ಕಿಟಕಿಯ ಹತ್ತಿರ ಯಾರೂ ಇರಲಿಲ್ಲ.

"ಕೇಳ್ತಿಲ್ಲ ಅಮ್ಮ. ನಂಗೆ ಸಣ್ಣ ಸದ್ದು ಕೇಳೋದೇ ಇಲ್ಲ," ಎಂದೆ.

ಸಿದ್ದಪ್ಪನವರು ಭಾವನ ಮುಖ ನೋಡಿದರು. ಸುಲೋಚನಮ್ಮ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು, ನನಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದರು. "ಗೊತ್ತು ಕಣಪ್ಪ. ತಾಳ ಚೆನ್ನಾಗೈತೆ ಅಂದ್ಯಲ್ಲ, ಆವತ್ತೇ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಬರೋದು ನಿಂತೋಗ್ತಿತ್ತು. ವಾರಕ್ಕೊಂದು ಆಳು ಬಂದು ಎದುರಿಗೆ ಕೂತು, ನಾ ಏನು ಕೇಳ್ತೀನೋ ಅದನ್ನ ಕೇಳ್ದಂಗಾದ್ರೂ ಮಾಡ್ತಿದ್ದ. ಈ ಮನೇಲಿ ಯಾರು ಮಾಡ್ತಾರೆ?"

ಸಿದ್ದಪ್ಪನವರಿಗೆ ಇದು ಸೇರಲಿಲ್ಲ. ನಾನು ಹೆಗಲ ಮೇಲಿನ ಟವೆಲ್ ತೆಗೆದು ಆಕೆಗೆ ಕೊಟ್ಟೆ. ಸದ್ದು ನಿಂತ ಕ್ಷಣ ಎತ್ತಿ ಹಿಡಿಯಿರಿ, ನಾನು ಬಾಗಿಲಿನಿಂದ ನೋಡುತ್ತಿರುತ್ತೇನೆ ಎಂದೆ. ಆಕೆ ಅದನ್ನು ಒಮ್ಮೆ ಮೂಸಿ ಮಡಿಲಲ್ಲಿ ಇಟ್ಟುಕೊಂಡರು. ಎಡಗಡೆಯ ಗೋಡೆಯಾಚೆ ಮಹಡಿ ಮೆಟ್ಟಿಲಿನ ಕೆಳಗೆ ಇನ್ವರ್ಟರ್ ಇದೆ. ನೀನು ಬರೆದ ಮೇಲೂ ನಾನು ಆ ಬಾಗಿಲು ತೆರೆದು ನೋಡಿರಲಿಲ್ಲ. ಅದರ ಸ್ವಿಚ್ ಒತ್ತಿ ಹಿಂದಕ್ಕೆ ತಿರುಗಿದೆ. ಟವೆಲ್ ಆಗಲೇ ಮೇಲಿತ್ತು. ಎರಡೂ ಕೈಯಲ್ಲಿ ಹಿಡಿದು ಎತ್ತಿದ್ದರು.

ಇನ್ವರ್ಟರನ್ನು ಹಿತ್ತಲಿನ ಕಡೆಗೆ ಸರಿಸಲು ಎಲೆಕ್ಟ್ರಿಷಿಯನ್ನಿಗೆ ಹೇಳಿ ಬಂದೆ. ಟೀ ಕೊಟ್ಟರು. ಹಿರೇನಲ್ಲೂರಿನ ಮನೆಯ ಮಾತನ್ನು ಸಿದ್ದಪ್ಪನವರೂ ಎತ್ತಲಿಲ್ಲ, ಭಾವನೂ ಎತ್ತಲಿಲ್ಲ. ಬೀಳ್ಕೊಡಲು ಗೇಟಿನವರೆಗೆ ಬಂದ ಸಿದ್ದಪ್ಪನವರು ನನ್ನ ಜೊತೆ ಬಹಳ ಗಟ್ಟಿಯಾಗಿ ಮಾತಾಡಿದರು, ಕೆಪ್ಪರ ಜೊತೆ ಮಾತಾಡುವ ಹಾಗೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಆ ವಾರದಲ್ಲಿ ಬೀರೂರಿನ ಎರಡು ಮನೆಯವರು ಈಗ ಬೇಡ, ದೀಪಾವಳಿ ಕಳೆಯಲಿ ಎಂದು ಹೇಳಿ ಕಳಿಸಿದ್ದಾರೆ. ದೀಪಾವಳಿ ಕಳೆದ ಮೇಲೆ ಏನು ಹೇಳುತ್ತಾರೆಂದು ನನಗೆ ಗೊತ್ತು. ಸುಲೋಚನಮ್ಮ ಮಾತ್ರ ಮುಂದಿನ ವಾರ ಬಾ ಎಂದಿದ್ದಾರೆ. ರಿಪೇರಿಗೆ ಏನೂ ಉಳಿದಿಲ್ಲ.

ಸ್ಫೂರ್ತಿಗೂ ಹೇಳಿದೆ. ಅವಳು ಒಳಗೆ ಹೋಗಿ, ನನ್ನ ಕಿವಿಯ ಡಾಕ್ಟರ ಚೀಟಿ ತಂದು ಮೇಜಿನ ಮೇಲಿಟ್ಟಳು. ಎರಡು ವರ್ಷದ ಹಿಂದೆ ನನ್ನ ಅಂಗಿ ಒಗೆಯುವಾಗ ಸಿಕ್ಕಿತ್ತಂತೆ.

ಇಷ್ಟು ದಿನ 'ಅಜ್ಜಂಪುರ' ಖಾಲಿಯಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ನೋಡುತ್ತಿದ್ದೆ, ಗೆರೆ ಎಡತುದಿಯಲ್ಲೇ ನಿಂತಿರುತ್ತಿತ್ತು. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಸ್ಫೂರ್ತಿ ನನ್ನ ಫೋನಿನಲ್ಲಿ ಹಾಕಿಕೊಂಡಿದ್ದ ಹಾಡು ನಿಂತಿತು. ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಅದೇ ಹಾಡು. ಅದರ ಕೆಳಗೆ ಸದ್ದಿನ ಗೆರೆ ಬಲತುದಿಗೆ ಮುಟ್ಟಿತ್ತು. ಪೂರ್ತಿ. ಅಷ್ಟು ಇಟ್ಟರೆ ಆ ಸ್ಪೀಕರಿಗೆ ನಿನ್ನ ಅಂಗಡಿಯ ಡಬ್ಬಿಯಲ್ಲಿನ ಸೂಜಿಗಳೆಲ್ಲ ಅಲುಗುತ್ತಿರುತ್ತವೆ. ರಸ್ತೆಯಾಚೆಗೂ ಕೇಳುತ್ತಿರುತ್ತದೆ.

ಕೈ ತೊಳೆಯದೆ ಎಡಗೈಯಲ್ಲಿ ಇಳಿಸಿದೆ. ಅರ್ಧಕ್ಕೂ ಕೆಳಗೆ ತಂದೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಬಲತುದಿಗೆ ಹೋಯಿತು. ಇಳಿಸಿದೆ. ಮತ್ತೆ ಹೋಯಿತು. "ಯಾರಪ್ಪಾ ಅದು?" ಎಂದಳು ಸ್ಫೂರ್ತಿ. ಅವಳ ತುಟಿ ನೋಡಿ ತಿಳಿಯಿತು. ಮೂರನೆಯ ಸಲ ಇಳಿಸಿದಾಗ ಅದು ಅಲ್ಲಿಯೇ ನಿಂತಿತು.

ನೀನು ಕೈ ತೆಗೆದೆಯೋ, ಇನ್ನೂ ಇಟ್ಟುಕೊಂಡೇ ಇದ್ದೆಯೋ ಇಲ್ಲಿಂದ ಕಾಣುವುದಿಲ್ಲ. ಮೇಲಿನ ಗೆರೆ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಅನ್ನ ಆರಿತು. ಹಾಡು ಮುಗಿಯುವವರೆಗೆ ನಾನು ಬೆರಳು ತೆಗೆಯಲಿಲ್ಲ.

ಕಾಂತರಾಜ